ಎಳೆದರೆ ತೆರೆಯಬೇಕು

ನವೆಂಬರ್ 7, ಮಂಗಳವಾರ
ಬಾರ್ಜಿನಿಂದ

ಅಕ್ಕ,

ಕಾಗದ ಬರೆಯಲಿಲ್ಲ ಎಂದು ಬೈಯಬೇಡ. ಬರೆಯುವಂಥದ್ದು ಇಲ್ಲಿ ನಡೆಯುವುದಾದರೂ ಏನು? ಸುತ್ತ ನೀರು, ಮಧ್ಯೆ ನಾವು ವಾಸವಿರುವ ಈ ತೇಲುವ ಕಬ್ಬಿಣದ ಜಗಲಿ, ಎದುರಿಗೆ ರಿಪೇರಿಗೆ ಕಾದು ನಿಂತ ಸೇತುವೆಯ ಕಂಬಗಳು. ಫೋನಿಗೆ ಸಿಗ್ನಲ್ ಇಲ್ಲ, ಗಂಟೆ ನೋಡಲು ಇಟ್ಟುಕೊಂಡಿದ್ದೇನೆ. ಮಂಗಳವಾರ ದಡದಿಂದ ದೋಣಿ ಬಂದು ತರಕಾರಿ ಇಳಿಸಿ, ಟಪಾಲು ಕೊಟ್ಟು, ಒಂದು ಗಂಟೆ ನಿಂತು ಹೊರಡುತ್ತದೆ. ಅಷ್ಟರಲ್ಲಿ ನಿನ್ನ ಕಾಗದ ಓದಿ, ನಕ್ಕು, ಉತ್ತರ ಬರೆಯಬೇಕು. ನನ್ನ ಕಾಗದ ಗಿಡ್ಡವಾದರೆ ಅದು ದೋಣಿಯವನ ಅವಸರವೇ ಹೊರತು ಪ್ರೀತಿಯ ಕೊರತೆಯಲ್ಲ.

ನೀನು ಹೋದ ಸಲ ಹೊಲಿದು ಕಳಿಸಿದ ಚಾಕುವಿನ ಚೀಲದ ಮೇಲೆ ಇಲ್ಲಿ ಎಲ್ಲರ ಕಣ್ಣು ಬಿದ್ದಿದೆ. ಅಂಗಡಿಯಲ್ಲಿ ಸಿಗುವ, ನಮ್ಮಂಥ ನೀರಿಗೆ ಮುಳುಗುವವರ ಡೈವಿಂಗ್ ಸಾಮಾನು ಯಾರ ಮೈಗೂ ನೆಟ್ಟಗೆ ಕೂರುವುದಿಲ್ಲ. ಹಾಗಾಗಿ ಇಲ್ಲಿ ಪ್ರತಿಯೊಬ್ಬರೂ ಅರೆಬರೆ ದರ್ಜಿಗಳೇ. ಒಬ್ಬ ಸೈಕಲ್ ಟ್ಯೂಬ್ ಕತ್ತರಿಸಿ ಗಾಳಿಯ ಕೊಳವೆಗೆ ಪಟ್ಟಿ ಮಾಡಿಕೊಂಡರೆ, ಇನ್ನೊಬ್ಬ ಹಳೆಯ ರಬ್ಬರ್ ಉಡುಪು ಹರಿದು ಮೊಣಕಾಲಿಗೆ ತೇಪೆ ಹಾಕಿಕೊಳ್ಳುತ್ತಾನೆ. ನಮ್ಮ ಮೇಸ್ತ್ರಿ ಈಜಲು ಕಾಲಿಗೆ ತೊಡುವ ಫಿನ್ನಿಗೆ ಬಾಗಿಲ ಸ್ಪ್ರಿಂಗ್ ಕೂರಿಸಿಕೊಂಡಿದ್ದಾರೆ. ಅವರು ಬರುವುದು ದೂರದಿಂದಲೇ ಕೇಳಿಸುತ್ತದೆ.

ಈಗ ಒಂದು ಕೆಲಸ. ಮೈ ಮುಳುಗಲೆಂದು ನಾವು ಸೊಂಟದ ಎರಡೂ ಬದಿಗೆ ಸೀಸದ ತುಂಡು ತುಂಬಿದ ಚೀಲ ಕಟ್ಟಿಕೊಳ್ಳುತ್ತೇವೆ. ಹೋದ ವಾರ ನನ್ನ ಒಂದು ಚೀಲದ ತಳದ ಮುಚ್ಚಳ ತಾನಾಗಿ ಬಿಚ್ಚಿಕೊಂಡು ಸೀಸವೆಲ್ಲ ಸಮುದ್ರದ ಪಾಲಾಯಿತು. ನಾನು ಚೆಂಡಿನ ಹಾಗೆ ಮೇಲೆ ಬಂದೆ. "ಹೀಗೆ ಒಂದೇ ಸಲ ಮೇಲೆ ಬಂದ್ರೆ ಶ್ವಾಸಕೋಶ ಉಳಿಯುತ್ತೇನಯ್ಯ" ಎಂದು ಮೇಸ್ತ್ರಿ ಬೈದರು. ಏನೂ ಆಗಿಲ್ಲ, ಗಾಬರಿಯಾಗಬೇಡ.

ಹೊಸ ಜೊತೆ ಬೇಕು. ಚಿತ್ರ ಇಟ್ಟಿದ್ದೇನೆ. ಸೀಸ ತುಂಬಲು ಮೇಲೆ ಜಿಪ್, ತಳಕ್ಕೆ ಒತ್ತಿದರೆ ಅಂಟುವ ವೆಲ್ಕ್ರೋ ಮುಚ್ಚಳ. ವೆಲ್ಕ್ರೋ ಒಂದೇ ಸಾಕು, ಬೇರೇನೂ ಬೇಡ. ಎಡಗಡೆಯ ಚೀಲದ ಮುಚ್ಚಳಕ್ಕೆ ಉದ್ದನೆಯ ಪಟ್ಟಿ ಹೊಲಿ, ಅದು ಹೊಟ್ಟೆಯ ಮೇಲೆ ಹಾದು ಬಲಗೈಗೆ ಸಿಗಬೇಕು. ತುದಿಗೆ ದೊಡ್ಡ ಸ್ಟೀಲ್ ರಿಂಗ್ ಹಾಕು. ಸೊಂಟದ ಪಟ್ಟಿ ಇಪ್ಪತ್ತೆಂಟು ಅಂಗುಲ.

ಭಾವನನ್ನು ಕೇಳಿದೆ ಎಂದು ಹೇಳು.

ನಿನ್ನ ಗುಂಡ


ನವೆಂಬರ್ 12
ಅಂಗಡಿಯಿಂದ

ಗುಂಡ,

ನಿನ್ನ ಚಿತ್ರ ನೋಡಿ ನಿಮ್ಮ ಭಾವ "ಗೂಬೆ ಚಿತ್ರ ಚೆನ್ನಾಗಿ ಬರೆದಿದಾನೆ" ಎಂದರು. ನಾನು ತಿರುವಿ ಹಿಡಿದ ಮೇಲೆ ಅದು ಚೀಲವಾಯಿತು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಹರಿದ ಚೀಲಗಳು ಬರುತ್ತಲೇ ಇವೆ. ಎರಡು ಹೊಲಿಗೆ ಯಂತ್ರ, ಒಂದು ಕಿಟಕಿ, ಗಲ್ಲಾಪೆಟ್ಟಿಗೆಯ ಹಿಂದೆ ನಿಮ್ಮ ಭಾವ. ಗಿರಾಕಿ ಬಂದರೆ ಎಚ್ಚರವಾಗುತ್ತಾರೆ, ಇಲ್ಲದಿದ್ದರೆ ಅವರೂ ಒಂದು ಮೂಟೆ.

ಇಪ್ಪತ್ತೆಂಟು ಎಂದು ಬರೆದಿದ್ದೀಯ. ಕೈತಪ್ಪಿ ಬಂತೇ? ನಿನ್ನ ಪ್ಯಾಂಟು ಹೊಲಿದು ಬೆಳೆಸಿದವಳು ನಾನು. ಮೂವತ್ತಾರಕ್ಕೆ ಟೇಪು ಹಿಡಿದರೆ ನೀನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಗುಂಡ ಎಂಬ ಹೆಸರು ನಿನಗೆ ಸುಮ್ಮನೆ ಬಂದದ್ದಲ್ಲ. ಸರಿಯಾಗಿ ಅಳೆದು ಬರೆ.

ಮತ್ತೆ, ಎಡಗಡೆ ಇರುವುದಕ್ಕೆ ಬಲಗೈ ಯಾಕೆ? ಎಡಗೈಗೆ ಏನಾಗಿದೆ? ನೆಟ್ಟಗೆ ಉತ್ತರ ಕೊಡು.

ಇನ್ನೊಂದು ವಿಷಯ. ಔಷಧದ ಅಂಗಡಿಯವರ ಮಗಳು ಜಿಪ್ ಹಾಕಿಸಲು ಬಂದಿದ್ದಳು. ಮಾತಿನ ಮಧ್ಯೆ ಸೂಜಿ ದಾರ ಕೈಗೆ ಕೊಟ್ಟೆ, ಒಂದೇ ಸಲಕ್ಕೆ ಪೋಣಿಸಿದಳು. ನಿನಗೆ ಗೊತ್ತಲ್ಲ, ಕೈ ಸ್ಥಿರವಾಗಿದ್ದರೆ ಮನಸ್ಸೂ ಸ್ಥಿರ ಎಂದು ನನ್ನ ಲೆಕ್ಕ. ನಿನಗೆಂದು ಹಿಂದೆ ನೋಡಿದ ಮೂವರಲ್ಲಿ ಒಬ್ಬಳಿಂದಲೂ ಅದು ಆಗಿರಲಿಲ್ಲ. ಹೂಂ ಅಂದರೆ ಮುಂದಿನ ಮಾತು ಆಡುತ್ತೇನೆ.

ಅಕ್ಕ


ನವೆಂಬರ್ 21, ಮಂಗಳವಾರ

ಅಕ್ಕ,

ಇಪ್ಪತ್ತೆಂಟೇ. ನಮ್ಮ ಅಡುಗೆಯವನ ಕೈರುಚಿ ನೋಡಿದ್ದರೆ ನೀನು ಕೇಳುತ್ತಿರಲಿಲ್ಲ. ಎಡಗೈ ಕಲ್ಲುಗುಂಡಿನ ಹಾಗಿದೆ. ನಿನ್ನ ಕಾಗದ ಅದರಲ್ಲೇ ಹಿಡಿದುಕೊಂಡಿದ್ದೇನೆ.

ಔಷಧದ ಅಂಗಡಿಯ ಮಾತು ಸದ್ಯ ಬೇಡ. ಸೂಜಿ ಪೋಣಿಸುವವಳೇ ಬೇಕು ಎನ್ನಲು ನಾನೇನು ಹರಿದ ಅಂಗಿಯೇ? ಆ ಪರೀಕ್ಷೆಯನ್ನೇ ಬಿಟ್ಟುಬಿಡು ಅಕ್ಕ. ದಾರ ಪೋಣಿಸಲು ಆಗದವರೂ ಲೋಕದಲ್ಲಿ ಚೆನ್ನಾಗಿಯೇ ಬಾಳುತ್ತಾರೆ.

ಇದರ ಜೊತೆ ಎಡಗೈಯ ರಬ್ಬರ್ ಗವಸು ಕಳಿಸಿದ್ದೇನೆ. ಕಿರುಬೆರಳು, ಅದರ ಪಕ್ಕದ ಬೆರಳು, ಎರಡನ್ನೂ ಸೇರಿಸಿ ಒಂದೇ ಗೂಡು ಮಾಡಿಬಿಡು. ಡಿಸೆಂಬರ್ ಹದಿನೈದು, ಶುಕ್ರವಾರ, ಮೇಸ್ತ್ರಿಯ ಮುಂದೆ ಸಮುದ್ರದಲ್ಲೇ ಒಂದು ಪರೀಕ್ಷೆ ಇದೆ. ಅದರಲ್ಲಿ ಸೋತವರಿಗೆ ಮತ್ತೆ ನೀರಿಲ್ಲ, ದಡದ ಆಫೀಸಿನ ಕುರ್ಚಿಯೇ ಗತಿ. ಅಷ್ಟರೊಳಗೆ ಚೀಲ, ಗವಸು ಎರಡೂ ಬೇಕು.

ದೋಣಿಯವನು ಗಂಟೆ ಬಾರಿಸುತ್ತಿದ್ದಾನೆ.

ಗುಂಡ


ನವೆಂಬರ್ 30

ಗುಂಡ,

ನಾಳೆ ಪಾರ್ಸೆಲ್ ಹೊರಡುತ್ತದೆ. ಗವಸು ಹೇಳಿದ ಹಾಗೆ ಮಾಡಿದ್ದೇನೆ. ಹೊಲಿಯುವ ಮೊದಲು ನನ್ನ ಕೈ ಹಾಕಿ ನೋಡಿದೆ, ಸರಿಯಾಗಿ ಕೂತಿತು. ನನ್ನ ಕೈಗೆ ಕೂರುವ ಗವಸು ನಿನ್ನ ಆ ದಪ್ಪ ಕೈಗೂ ಕೂರುತ್ತದೆ ಎಂದಾಯಿತು. ಅದನ್ನು ತೆಗೆದು ಮೇಜಿನ ಮೇಲಿಟ್ಟು, ಟೇಪು ಹಿಡಿದು ಎರಡು ಸಲ ಅಳೆದೆ. ನಿಮ್ಮ ಭಾವ ಟೀ ತಂದಿಟ್ಟು ಹೋದರು.

ನಾನು ಏನೂ ಕೇಳುವುದಿಲ್ಲ. ಅಪ್ಪನಿಗೆ ಮೊದಲು ಮಾತು ಕೇಳದೆ ಹೋದದ್ದು ಎಡಗೈಯ ಕೊನೆಯ ಬೆರಳುಗಳೇ, ಆಮೇಲೆ ಮೈ ಇಳಿಯಿತು. ಯಾರಿಗೂ ಹೇಳಲಿಲ್ಲ. ಬಟನ್ ಹಾಕಲು ಆಗದಿದ್ದರೆ "ಈ ಅಂಗಿ ಕಾಜ ಸರಿಯಿಲ್ಲ" ಎಂದು ಅಂಗಿಯ ಮೇಲೆ ಹಾಕುತ್ತಿದ್ದರು. ನೀನೂ ಅಡುಗೆಯವನ ಮೇಲೆ ಹಾಕಿದ್ದೀಯ. ಯಥಾ ತಂದೆ ತಥಾ ಮಗ. ಆಫೀಸಿನ ಕುರ್ಚಿ ಅಷ್ಟೇನೂ ಕೆಟ್ಟದ್ದಲ್ಲ ಎಂದು ಮಾತ್ರ ಹೇಳುತ್ತೇನೆ.

ಸೊಂಟದ ಪಟ್ಟಿ ಇಪ್ಪತ್ತೆಂಟಕ್ಕೇ ಹೊಲಿದಿದ್ದೇನೆ. ಒಳಗೆ ಬಟ್ಟೆ ಮಡಚಿಟ್ಟಿದ್ದೇನೆ, ನೀನು ಮತ್ತೆ ಮೈ ತುಂಬಿಕೊಂಡರೆ ಬಿಡಿಸಿಕೊಳ್ಳಬಹುದು. ಚೀಲ ಹೊರಲು ಕೇಳಿದ್ದ ಉದ್ದನೆಯ ಹಿಡಿಪಟ್ಟಿಯನ್ನೂ ಹೊಲಿದು ರಿಂಗ್ ಹಾಕಿದ್ದೇನೆ. ತಳದ ಮುಚ್ಚಳದ ವಿಷಯದಲ್ಲಿ ಮಾತ್ರ ನಿನ್ನ ಮಾತು ಕೇಳಿಲ್ಲ. ಮರಳು, ನೀರು ಇಳಿದುಹೋಗಲು ವೆಲ್ಕ್ರೋದ ಸಂದು ಸಾಕು, ಮುಚ್ಚಳ ಬಿಚ್ಚಿ ಇನ್ನೊಮ್ಮೆ ಸೀಸ ಬೀಳುವ ಮಾತೇ ಇಲ್ಲ. ಏನು ಮಾಡಿದ್ದೇನೆಂದು ಹುಡುಕಬೇಡ, ಕಾಣುವುದಿಲ್ಲ. ಇಷ್ಟು ವರ್ಷ ಚೀಲ ಹೊಲಿದಿದ್ದೇನೆ. ತೆರೆದುಕೊಂಡಿತು ಎಂದು ಜಗಳಕ್ಕೆ ಬಂದವರಿದ್ದಾರೆ, ತೆರೆಯಲಿಲ್ಲ ಎಂದು ಬಂದವರು ಒಬ್ಬರೂ ಇಲ್ಲ.

ಹುಷಾರು ಮಗು.

ಅಕ್ಕ


ಡಿಸೆಂಬರ್ 9, ಶನಿವಾರ

ಗುಂಡ,

ಈ ಕಾಗದ ಕೈಗೆ ಬಂದ ತಕ್ಷಣ ಬ್ಲೇಡ್ ತೆಗೆದುಕೊ. ಮಿಕ್ಕದ್ದು ಆಮೇಲೆ ಓದು. ಎರಡೂ ಚೀಲದ ತಳ ತಿರುವಿ ನೋಡಿದರೆ ಮುಚ್ಚಳದ ನಾಲ್ಕೂ ಮೂಲೆಯಲ್ಲಿ, ವೆಲ್ಕ್ರೋದ ಅಡಿಗೆ, ಮೇಣ ಹಚ್ಚಿದ ನೈಲಾನ್ ದಾರದ ಗಟ್ಟಿ ಹೊಲಿಗೆಗಳಿವೆ. ಎಲ್ಲವನ್ನೂ ಕತ್ತರಿಸಿ ಹಾಕು. ಕತ್ತರಿಸುವವರೆಗೆ ನೀರಿಗೆ ಕಾಲಿಡಬೇಡ.

ಈಜುಕೊಳದ ಮೇಷ್ಟ್ರು ಚೀಲ ರಿಪೇರಿಗೆ ಬಂದಿದ್ದರು. ನಿನ್ನದಕ್ಕೆಂದು ಮೊದಲು ಹೊಲಿದು ನೋಡಿದ್ದ ಮಾದರಿ ಚೀಲ ಮೊಳೆಗೆ ನೇತುಹಾಕಿದ್ದೆ. ಅದನ್ನು ತೆಗೆದು ರಿಂಗ್ ಹಿಡಿದು ಎಳೆದರು. ಮತ್ತೆ ಎಳೆದರು.

"ಇದು ತೆರೀತಾನೇ ಇಲ್ವಲ್ಲಮ್ಮ" ಎಂದರು.

"ತೆರೀಬಾರದು ಅಂತಾನೇ ಹೊಲಿದಿರೋದು. ತೆರೆದ್ರೆ ಸೀಸ ಬಿದ್ದುಹೋಗಲ್ವಾ?" ಎಂದೆ, ಹೆಮ್ಮೆಯಿಂದಲೇ.

"ಬೀಳ್ಲಿ ಅಂತಾನೇ ಈ ಪಟ್ಟಿ ಇರೋದು. ತನ್ನಷ್ಟಕ್ಕೆ ಬೀಳಬಾರದು, ಎಳೆದಾಗ ಬೀಳಬೇಕು. ಗಾಳಿ ಮುಗೀತು, ಮೈ ಸೋತುಹೋಯ್ತು ಅನ್ನೋ ಹೊತ್ತಲ್ಲಿ ಇದನ್ನ ಎಳೆದು ಸೀಸ ಬಿಟ್ರೆ ಮನುಷ್ಯ ಮೇಲೆ ಬರ್ತಾನೆ. ಬಿಡದಿದ್ರೆ ಸೀಸ ಎಲ್ಲೋ ಅವನೂ ಅಲ್ಲೇ."

ಅದು ಹೊರುವ ಹಿಡಿ ಎಂದುಕೊಂಡಿದ್ದೆ ಗುಂಡ. ಚೀಲಕ್ಕೆ ಪಟ್ಟಿ ಇದ್ದರೆ ಅದು ಹೊರುವುದಕ್ಕೆ ಎಂದಲ್ಲದೆ ನನ್ನ ತಲೆಗೆ ಇನ್ನೇನು ಹೊಳೆಯಬೇಕು?

ದಡದ ನಿಮ್ಮ ಆಫೀಸಿಗೆ ಫೋನು ಮಾಡಿದೆ. ಗುಮಾಸ್ತರು ವೈರ್‌ಲೆಸ್‌ನಲ್ಲಿ ಹೇಳುತ್ತೇನೆ ಎಂದು ಬರೆದುಕೊಂಡು ಓದಿ ಹೇಳಿದರು: "ಅಕ್ಕ ಹೊಲಿದ ಚೀಲ ಬಹಳ ಗಟ್ಟಿ ಇದೆ." ನಾನು "ಗಟ್ಟಿ ಇರೋದೇ ಕಷ್ಟ ಸ್ವಾಮಿ" ಎಂದೆ. "ಗಟ್ಟಿ ಇದ್ರೆ ಏನಮ್ಮ ಕಷ್ಟ, ನೀವು ಚಿಂತೆ ಮಾಡ್ಬೇಡಿ" ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಯಾರೂ ಎತ್ತುತ್ತಿಲ್ಲ. ಅವರು ಏನು ಹೇಳಿದರೋ ದೇವರಿಗೇ ಗೊತ್ತು. ಈ ಕಾಗದ ಮಂಗಳವಾರದ ದೋಣಿಗೆ ಸಿಗುವ ಹಾಗೆ ಯಾರನ್ನು ಬೇಡಲಿ?

ಅಕ್ಕ


ಡಿಸೆಂಬರ್ 12, ಮಂಗಳವಾರ

ಅಕ್ಕ,

ಪಾರ್ಸೆಲ್ ಬಂತು. ಹೊಲಿಗೆ ಎಂದರೆ ಹೊಲಿಗೆ. ಮೇಸ್ತ್ರಿ ತಿರುಗಿಸಿ ತಿರುಗಿಸಿ ನೋಡಿ "ನಿಮ್ಮಕ್ಕನಿಗೆ ಬಾರ್ಜಿನ ತೂತೂ ಹೊಲಿಯಕ್ಕೆ ಹೇಳು" ಎಂದರು. ಅದಕ್ಕೂ ಮೊದಲೇ ವೈರ್‌ಲೆಸ್‌ನಲ್ಲಿ ನಿನ್ನ ಸಂದೇಶ ಬಂದಿತ್ತು: ಅಕ್ಕ ಹೊಲಿದ ಚೀಲ ಬಹಳ ಗಟ್ಟಿ ಇದೆ, ಚಿಂತೆ ಬೇಡ ಎಂದು. ಎಲ್ಲರ ಮುಂದೆ ಓದಿದರು. ಹೊಗಳಿಕೊಳ್ಳಲು ವೈರ್‌ಲೆಸ್ ಬೇಕಾಯಿತೇ ನಿನಗೆ? ನಗು ತಡೆಯಲಾಗಲಿಲ್ಲ.

ಶುಕ್ರವಾರ ಪರೀಕ್ಷೆ. ನೀನು ಹೊಲಿದದ್ದನ್ನು ಮೊದಲೇ ಎಳೆದು ನೋಡುವುದು ಏನಿದೆ, ನೇರ ಸಮುದ್ರಕ್ಕೇ.

ಅಕ್ಕ, ನಿನಗೆ ಒಂದು ವಿಷಯ ಹೇಳಬೇಕು. ಮೂರು ಸಲ ಬರೆದು ಹರಿದೆ. ದೋಣಿಯವನು ಕೂಗುತ್ತಿದ್ದಾನೆ. ಮುಂದಿನ ಮಂಗಳವಾರ ಖಂಡಿತ.

ಗುಂಡ


ಡಿಸೆಂಬರ್ 16, ಶನಿವಾರ

ಗುಂಡ,

ನಿನ್ನ ಹನ್ನೆರಡರ ಕಾಗದ ಈಗ ಬಂತು. ಶುಕ್ರವಾರ ಎಂದರೆ ನಿನ್ನೆ.

ನನ್ನ ಕಾಗದ ಇನ್ನೂ ದಡದಲ್ಲೇ ಇರಬೇಕು. ಈ ವಾರವೆಲ್ಲ ಆಫೀಸಿಗೆ ಫೋನು ಮಾಡಿದರೆ ಗುಮಾಸ್ತರು "ಅವತ್ತೇ ಹೇಳಿ ಆಯ್ತಲ್ಲಮ್ಮ" ಎಂದು ಇಟ್ಟುಬಿಡುತ್ತಿದ್ದರು, ಇವತ್ತು ಯಾರೂ ಎತ್ತದೆ ಹೊಡೆದುಕೊಳ್ಳುತ್ತಲೇ ಇದೆ. ನಿಮ್ಮ ಭಾವ "ಕೆಟ್ಟ ಸುದ್ದಿಗೆ ಕಾಲು ಜಾಸ್ತಿ ಕಣೆ, ಬರೋದಾಗಿದ್ರೆ ಇಷ್ಟೊತ್ತಿಗೆ ಬಂದಿರ್ತಿತ್ತು" ಎನ್ನುತ್ತಾರೆ. ಹಾಗೆ ಹೇಳಿದವರೇ ಒಬ್ಬ ಗಿರಾಕಿಗೆ ಎರಡು ಸಲ ಚಿಲ್ಲರೆ ಕೊಟ್ಟು ಕಳಿಸಿದರು.

ನೀನು ಏನು ಹೇಳಬೇಕೆಂದಿದ್ದೀಯೋ ನನಗೆ ಗೊತ್ತು. ಕೈಯ ವಿಷಯ. ಕೈ ಹೋದರೆ ಹೋಗಲಿ ಗುಂಡ, ನಿನಗೆ ಅಂಗಿ ತೊಡಿಸಿ ಅಭ್ಯಾಸವಿದೆ ನನಗೆ, ಇನ್ನೊಮ್ಮೆ ತೊಡಿಸುತ್ತೇನೆ. ಬಲಗೈಯಲ್ಲೋ ಎಡಗೈಯಲ್ಲೋ ಒಂದು ಸಾಲು ಬರೆ. ಇದ್ದೇನೆ ಎಂದರೂ ಸಾಕು.

ಅಕ್ಕ


ಡಿಸೆಂಬರ್ 19, ಮಂಗಳವಾರ

ಅಕ್ಕ ಅವರಿಗೆ ನಮಸ್ಕಾರ.

ನಿಮ್ಮ ತಮ್ಮ ಚೆನ್ನಾಗಿದ್ದಾರೆ. ಇದನ್ನು ಓದಿ ಮೊದಲು ಉಸಿರು ಬಿಡಿ. ಮಿಕ್ಕದ್ದನ್ನು ಕೂತು ಓದಬಹುದು.

ನಾನು ಇದೇ ಬಾರ್ಜಿನಲ್ಲಿ ನೀರಿಗಿಳಿದು ಕಂಬಗಳ ಬಿರುಕಿನ ಫೋಟೋ ತೆಗೆಯುವವಳು. ಇಪ್ಪತ್ತೆಂಟು ಅಂಗುಲ ನನ್ನ ಸೊಂಟ. ಗವಸೂ ನನ್ನದೇ, ಸೀಸ ಬೀಳಿಸಿದ ಹಳೆಯ ಚೀಲ ಮಾತ್ರ ಅವರದು. ಹೋದ ವರ್ಷ ದೋಣಿಗೂ ಕಟ್ಟೆಗೂ ನಡುವೆ ಎಡಗೈ ಸಿಕ್ಕಿಕೊಂಡಿತು, ಕೊನೆಯ ಎರಡು ಬೆರಳು ಈಗ ಮಡಚುವುದಿಲ್ಲ. ಸೀಸವನ್ನು ನಾನೇ ಬಿಡಬಲ್ಲೆ ಎಂದು ತೋರಿಸಿದರೆ ಮಾತ್ರ ಮತ್ತೆ ನೀರು ಎಂದು ಮೇಸ್ತ್ರಿ ಹೇಳಿದ್ದರು. ನಿಮ್ಮ ತಮ್ಮನ ಎರಡೂ ಕೈ ನೆಟ್ಟಗಿವೆ. ಸಾಮಾನ್ಯವಾಗಿ ಒಂದರಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಟೀ ಇರುತ್ತದೆ. ಸೊಂಟದ ವಿಷಯ ನಾನು ಹೇಳುವುದು ಚೆನ್ನಾಗಿರುವುದಿಲ್ಲ, ಇಳಿದಿಲ್ಲ ಎಂದಷ್ಟೇ ಹೇಳಬಹುದು.

ಪಾರ್ಸೆಲ್ ಬಂದ ಮಾರನೆಯ ದಿನ ನಾನು ಚೀಲ ಕಟ್ಟಿಕೊಂಡು ಡೆಕ್ಕಿನ ನೀರಿನ ತೊಟ್ಟಿಗೆ ಇಳಿಯಲು ಹೊರಟೆ. ಕೈಯಿಂದ ತಿದ್ದಿದ ಯಾವ ಸಾಮಾನನ್ನೂ ತೊಟ್ಟಿಯಲ್ಲಿ ಕಣ್ಣು ಮುಚ್ಚಿ ಎಳೆದು ನೋಡದೆ ನಾನು ಸಮುದ್ರಕ್ಕೆ ಒಯ್ಯುವುದಿಲ್ಲ. ಇವರು ಅಡ್ಡ ನಿಂತರು. "ಅಕ್ಕ ಹೊಲಿದಿದ್ದು. ಅದರಲ್ಲಿ ನೋಡೋದೇನಿದೆ?" ಎಂದರು. "ಅಕ್ಕ ನಿಮಗೆ. ಮುಳುಗೋಳು ನಾನು" ಎಂದು ಇಳಿದೆ.

ಎಳೆದೆ, ಬರಲಿಲ್ಲ. "ಜೋರಾಗಿ ಎಳಿ" ಎಂದರು. ಎಳೆದೆ. ಆಮೇಲೆ ಅವರೇ ತೊಟ್ಟಿಗೆ ಇಳಿದು ಎರಡೂ ಕೈಯಲ್ಲಿ ಎಳೆದರು. ನಾನು ಮುಗ್ಗರಿಸಿ ಅವರ ಮೇಲೆ ಬಿದ್ದೆ, ತೊಟ್ಟಿಯ ನೀರು ಅರ್ಧ ಡೆಕ್ಕಿಗೆ ಹೋಯಿತು, ಚೀಲ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆಗ ನಿಮ್ಮ ತಮ್ಮ ತೊಟ್ಟಿಯಿಂದ ಹಾರಿ ಬ್ಲೇಡ್ ತರಲು ಓಡಿದರು. ಮೂಲೆಯ ಹೊಲಿಗೆ ಹುಡುಕಿ ಕತ್ತರಿಸಲು ಬ್ಲೇಡ್ ಎರಡು ಮುರಿದವು. ಕತ್ತರಿಸಿದ ಮೇಲೆ ತೊಟ್ಟಿಯಲ್ಲಿ ಸಾಕೆನಿಸುವಷ್ಟು ಎಳೆದೆವು. ಶುಕ್ರವಾರ ಸಮುದ್ರದಲ್ಲಿ ಒಂದೇ ಎಳೆತಕ್ಕೆ ಸೀಸ ಬಿಟ್ಟೆ. ಮೇಸ್ತ್ರಿ "ಸರಿ, ನಾಳೆಯಿಂದ ಕ್ಯಾಮೆರಾ ಎತ್ತಿಕೊ" ಎಂದರು.

ಇವತ್ತು ದೋಣಿ ನಿಮ್ಮ ಒಂಬತ್ತನೇ ತಾರೀಕಿನ ಕಾಗದ ತಂದಿತು. ದೋಣಿಯ ಅವಸರದಲ್ಲಿ ಮೇಲೆ ಮೇಲೆ ಓದಿದ್ದ ಹಿಂದಿನದನ್ನೂ ತೆಗೆದು, ಅಪ್ಪನ ಅಂಗಿಯ ಕಾಜದ ಮಾತನ್ನು ಈಗ ಸರಿಯಾಗಿ ಓದಿ, ನೀವು ಏನೆಂದುಕೊಂಡಿದ್ದಿರಿ ಎಂದು ಅರ್ಥವಾಗಿ ಅತ್ತುಬಿಟ್ಟರು. ಬರೆಯಲು ಪೆನ್ನು ಹಿಡಿದವರು ಹಾಗೇ ಕೂತಿದ್ದಾರೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಒಂದು ವಿಷಯ ನಾನೇ ಹೇಳಿಬಿಡುತ್ತೇನೆ. ನನಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಸೂಜಿ ಹಿಡಿದರೆ ದಾರ ಜಾರುತ್ತದೆ, ದಾರ ಹಿಡಿದರೆ ಸೂಜಿ. ಅದಕ್ಕೆ ಹೆದರಿಯೇ ಇವರು ಇಷ್ಟು ದಿನ ನನ್ನ ಸೊಂಟವನ್ನು ತಮ್ಮದೆಂದು ಹೇಳಿಕೊಂಡರು.

ಕಾಗದದ ಕೊನೆಯಲ್ಲಿ ಅವರಿಗೆ ಜಾಗ ಬಿಟ್ಟಿದ್ದೇನೆ.

ಅಕ್ಕ, ಇದ್ದೇನೆ. ಗುಂಡನಾಗಿಯೇ ಇದ್ದೇನೆ. ಬೈಯುವುದಿದ್ದರೆ ನನಗೆ ಬೈ, ಅವಳಿಗೆ ಬೇಡ.


ಡಿಸೆಂಬರ್ 23

ಇಪ್ಪತ್ತೆಂಟು ಅಂಗುಲದವಳಿಗೆ,

ಆ ಗುಂಡನಿಗೆ ಬೇರೆ ಕಾಗದದಲ್ಲಿ ಬೈದಿದ್ದೇನೆ, ನಾಲ್ಕು ಹಾಳೆಯಾಯಿತು. ಇದು ನಿನಗೆ.

ಸೋಮವಾರದಿಂದ ಆಫೀಸಿಗೆ ಫೋನು ಮಾಡಿ ಮಾಡಿ ಸಾಕಾಗಿತ್ತು. ಗುಮಾಸ್ತರು "ಕೆಟ್ಟ ಸುದ್ದಿ ಏನೂ ಬಂದಿಲ್ಲಮ್ಮ" ಎನ್ನುತ್ತಿದ್ದರು. ಚೀಲ ಗಟ್ಟಿ ಇದೆ ಎಂದು ಹೇಳಿ ಕಳಿಸಿದವರ ಮಾತನ್ನು ನಾನು ಹೇಗೆ ನಂಬಲಿ? ಇವತ್ತು ಲಕೋಟೆಯ ಮೇಲೆ ಗೊತ್ತಿಲ್ಲದ ಅಕ್ಷರ ನೋಡಿ ಒಡೆಯಲು ಕೈ ಬರಲಿಲ್ಲ. ನಿಮ್ಮ ಭಾವನವರು ಒಡೆದು ಮೊದಲ ಸಾಲು ಓದಿದರು. ಆಮೇಲೆ ಇಬ್ಬರೂ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತು ಅತ್ತೆವು. ಹೊಟ್ಟೆಯೊಳಗೆ ಇಷ್ಟು ದಿನ ಇದ್ದ ಸೀಸ ಆಗ ಬಿತ್ತು. ಹಸಿವಾಯಿತು. ಈಜುಕೊಳದ ಮೇಷ್ಟ್ರ ಮನೆಗೆ ಹೋಗಿ ಹೇಳಿ ಬಂದೆ, ಪಾಪ ಅವರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ.

ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ನನ್ನ ತಮ್ಮ ನನ್ನ ಹೊಲಿಗೆಯನ್ನು ಕಣ್ಣು ಮುಚ್ಚಿಕೊಂಡು ನಂಬಿದ. ನೀನು ಕಣ್ಣು ಮುಚ್ಚಿಕೊಂಡು ಎಳೆದು ನೋಡಿದೆ. ಅವನು ಹೇಳಿದ ಹಾಗೆ ನೇರ ಸಮುದ್ರಕ್ಕೆ ಇಳಿದಿದ್ದರೆ ನಾನು ಈ ಜನ್ಮದಲ್ಲಿ ಮತ್ತೆ ಸೂಜಿ ಮುಟ್ಟುತ್ತಿರಲಿಲ್ಲ. ಹೊಗಳಿ ಹೊಗಳಿ ನನ್ನನ್ನು ಕೆಡಿಸಿದ ಈ ಮನೆಯಲ್ಲಿ ನನ್ನ ಹೊಲಿಗೆಯನ್ನು ಸಂಶಯಿಸುವವಳು ಒಬ್ಬಳು ಬೇಕಾಗಿತ್ತು.

ದಾರ ಪೋಣಿಸುವ ಪರೀಕ್ಷೆ ಇವತ್ತಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ಈಗ ಕನ್ನಡಕ ಹಾಕಿದರೂ ನನಗೇ ಪೋಣಿಸಲು ಬರುವುದಿಲ್ಲ, ನಿಮ್ಮ ಭಾವನವರೇ ಪೋಣಿಸಿಕೊಡುತ್ತಾರೆ. ಅವರು ಎಚ್ಚರವಿರುವುದು ಅದೊಂದಕ್ಕೆ. ಔಷಧದ ಅಂಗಡಿಯವರಿಗೆ ಹುಡುಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿದೆ ಎಂದು ಹೇಳಿಬಿಟ್ಟಿದ್ದೇನೆ. ರಜೆ ಸಿಕ್ಕಿದ ಕೂಡಲೇ ಇಬ್ಬರೂ ಬನ್ನಿ. ಇನ್ನು ಮೇಲೆ ನಿನ್ನ ಅಳತೆ ನಾನೇ ತೆಗೆದುಕೊಳ್ಳುತ್ತೇನೆ, ಅವನ ಕೈಲಿ ಬರೆಸಬೇಡ.

ಬ್ಲೇಡ್ ತಾಗಿದ ಚೀಲ ಇನ್ನು ಸಮುದ್ರಕ್ಕೆ ಬೇಡ, ಅದರಲ್ಲಿ ಈರುಳ್ಳಿ ಇಟ್ಟುಕೊಳ್ಳಿ. ಹೊಸ ಜೊತೆ ಕಳಿಸಿದ್ದೇನೆ. ವೆಲ್ಕ್ರೋ ಒಂದೇ, ಬೇರೆ ಏನೂ ಇಲ್ಲ. ಇಲ್ಲಿ ಬಕೆಟ್ಟಿನಲ್ಲಿ ಮುಳುಗಿಸಿ ಕಣ್ಣು ಮುಚ್ಚಿ ಎಳೆದು ನೋಡಿದ್ದೇನೆ, ಪ್ರತಿ ಸಲವೂ ತೆರೆಯಿತು. ಆದರೂ ಅಕ್ಕ ಹೊಲಿದದ್ದು ಎಂದು ಬಿಟ್ಟುಬಿಡಬೇಡಮ್ಮ. ಮೊದಲು ತೊಟ್ಟಿಗೆ ಇಳಿ, ಎಳೆದು ನೋಡು.

ನಿನ್ನ ಅಕ್ಕ